ಊರು ಬಿಡದ ಭೂಗೋಳದ ಮೇಷ್ಟ್ರು

ಎಂಟನೇ ಕ್ಲಾಸಿನಲ್ಲಿ ನಮಗೆ ಭೂಗೋಳ ಅಂದರೆ ನೋಟ್ಸು. ಮೇಷ್ಟ್ರು ರಟ್ಟು ಕಿತ್ತುಹೋದ ಒಂದು ಹಳೇ ಪುಸ್ತಕ ಹಿಡಿದುಕೊಂಡು ಬರುತ್ತಿದ್ದರು. ಅದರಲ್ಲಿದ್ದದ್ದನ್ನು ಅವರು ಓದುವುದು, ನಾವು ಬರೆದುಕೊಳ್ಳುವುದು. "ನೈಋತ್ಯ ಮಾನ್ಸೂನ್ ಮಾರುತಗಳು ಜೂನ್ ಮೊದಲ ವಾರದಲ್ಲಿ..." ಅಂತ ಅವರು ಬರೆಸುತ್ತಿದ್ದ ದಿನ ಹೊರಗೆ ಅದೇ ಮಾರುತ ಶಾಲೆಯ ಹಂಚು ಹಾರಿಸುತ್ತಿತ್ತು. ಮಳೆಯ ಸದ್ದಿಗೆ ಮೇಷ್ಟ್ರ ದನಿ ಕೇಳದೆ ಹಿಂದಿನ ಬೆಂಚಿನವರು ಮುಂದಿನವರ ಪುಸ್ತಕ ನೋಡಿ ಬರೆದುಕೊಂಡೆವು. ಕಿಟಕಿಯ ಕಡೆ ಬೆರಳು ತೋರಿಸಿ "ನೋಡ್ರೋ, ನಾನು ಹೇಳ್ತಿರೋದು ಅದೇ" ಅಂತ ಅವರು ಒಂದು ಸಲವೂ ಅನ್ನಲಿಲ್ಲ. ಗಾಳಿ ನೈಋತ್ಯದಿಂದಲೇ ಯಾಕೆ ಬರಬೇಕು, ನೆಟ್ಟಗೆ ದಕ್ಷಿಣದಿಂದ ಯಾಕೆ ಬರಬಾರದು ಅಂತ ಕೇಳಬೇಕು ಅನ್ನುವುದು ನಮಗೂ ಹೊಳೆಯಲಿಲ್ಲ ಬಿಡಿ.

ಆ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಎಷ್ಟೋ ವರ್ಷ ಆದಮೇಲೆ, ಅದೂ ನಾನು ನಿರೀಕ್ಷಿಸದ ಒಬ್ಬ ಮನುಷ್ಯನ ಬರಹದಲ್ಲಿ. ಆತ ಮಳೆಗಾಲವನ್ನು ಕಂಡವನಲ್ಲ. ಅರಬ್ಬೀ ಸಮುದ್ರವಿರಲಿ, ಬರ್ಲಿನ್ ಪಟ್ಟಣವನ್ನೂ ನೋಡಿದವನಲ್ಲ. ಆತನ ಹೆಸರು ಇಮ್ಯಾನುಯೆಲ್ ಕಾಂಟ್.

ಕಾಂಟ್ ಅಂದ ಕೂಡಲೇ ನಮಗೆ ನೆನಪಾಗುವುದು ತತ್ವಶಾಸ್ತ್ರ. ದಪ್ಪ ಪುಸ್ತಕ, ಒಂದು ಪುಟ ಪೂರ್ತಿ ಮುಗಿಯದ ವಾಕ್ಯ, ಆಮೇಲೆ ಅವನು ಸಂಜೆ ವಾಕಿಂಗ್ ಹೊರಟದ್ದು ನೋಡಿ ಊರಿನವರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು ಅನ್ನುವ ಕಥೆ. ಆದರೆ ಈ ಮನುಷ್ಯ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 1756ರಿಂದ 1796ರವರೆಗೆ, ನಲವತ್ತು ವರ್ಷ, ಭೂಗೋಳ ಪಾಠ ಮಾಡಿದ! ಒಟ್ಟು 48 ಸಲ ಆ ಕೋರ್ಸ್ ನಡೆಸಿದ ಅಂತ ಲೆಕ್ಕ (49 ಅನ್ನುವವರೂ ಇದ್ದಾರೆ). ಅವನು ಹೆಚ್ಚು ಸಲ ಹೇಳಿದ ಪಾಠಗಳೆಂದರೆ ತರ್ಕ, ತತ್ವಮೀಮಾಂಸೆ, ಅವುಗಳ ಸಾಲಿನಲ್ಲೇ ಭೂಗೋಳ. ಇದು ಗೊತ್ತಾದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಈ ಕಾಂಟನನ್ನು ನಮಗೆ ಯಾರೂ ಪರಿಚಯ ಮಾಡಿಸಿರಲಿಲ್ಲ.

ಸ್ವಲ್ಪ ಹಿನ್ನೆಲೆ. 1724ರ ಏಪ್ರಿಲ್ 22ರಂದು ಕೋನಿಗ್ಸ್‌ಬರ್ಗಿನಲ್ಲಿ ಹುಟ್ಟಿದ. ಅಪ್ಪ ಕುದುರೆ ಸರಂಜಾಮಿಗೆ ಚರ್ಮದ ಪಟ್ಟಿ ಮಾಡುವ ಕಸುಬಿನವನು. ಅಮ್ಮ ಇವನಿಗೆ ಹದಿಮೂರಾಗಿದ್ದಾಗ ತೀರಿಕೊಂಡಳು. 1746ರಲ್ಲಿ ಅಪ್ಪನೂ ಹೋದ ಮೇಲೆ ಪದವಿ ಮುಗಿಸದೆ ಊರು ಬಿಟ್ಟು ಕೆಲವು ವರ್ಷ ಹಳ್ಳಿಗಳಲ್ಲಿ ಶ್ರೀಮಂತರ ಮತ್ತು ಪಾದ್ರಿಯೊಬ್ಬರ ಮಕ್ಕಳಿಗೆ ಮನೆಪಾಠ ಹೇಳಿಕೊಟ್ಟ. ಅವನ ಜೀವಮಾನದ ದೊಡ್ಡ ಪ್ರವಾಸ ಅಂದರೆ ಅದೇ! ಪೂರ್ವ ಪ್ರಷ್ಯಾದ ಆಚೆಗೆ ಅವನು ಕಾಲಿಡಲಿಲ್ಲ. ವಾಪಸ್ ಬಂದು 1755ರಲ್ಲಿ ಪದವಿ ಪಡೆದು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಪರವಾನಗಿ ಸಂಪಾದಿಸಿದ. ಜರ್ಮನಿಯಲ್ಲಿ ಇಂಥವರಿಗೆ ಪ್ರಿವಾಟ್‌ಡೋಸೆಂಟ್ ಅನ್ನುತ್ತಾರೆ. ಪಾಠ ಮಾಡಬಹುದು, ಆದರೆ ವಿಶ್ವವಿದ್ಯಾಲಯ ಒಂದು ಕಾಸೂ ಸಂಬಳ ಕೊಡುವುದಿಲ್ಲ. ಬಂದು ಕೂತ ವಿದ್ಯಾರ್ಥಿಗಳು ಕೊಟ್ಟ ಫೀಸೇ ಗತಿ. ನಮ್ಮೂರ ಟ್ಯೂಷನ್ ಮೇಷ್ಟ್ರ ಸ್ಥಿತಿ ಅನ್ನಿ. ಪಾಠ ಸಪ್ಪೆಯಾದರೆ ರಾತ್ರಿಯ ಊಟಕ್ಕೆ ಕತ್ತರಿ. ಹೀಗೆ ಒಂದೆರಡಲ್ಲ, ಹದಿನೈದು ವರ್ಷ ಕಳೆದ. ಕೆಲವು ಅವಧಿಗಳಲ್ಲಿ ವಾರಕ್ಕೆ ಇಪ್ಪತ್ತು ಗಂಟೆಗೂ ಮೀರಿ ಪಾಠ ಮಾಡಿದ. ಕೋಟು ಸವೆದು ಹೋಗಿ ಗೆಳೆಯರು ಹೊಸದು ಹೊಲಿಸಿ ಕೊಡುತ್ತೇವೆ ಅಂದರೆ ಬೇಡ ಅಂದನಂತೆ.

ಮೊದಲ ಪಾಠದ ದಿನವನ್ನು ಅವನ ವಿದ್ಯಾರ್ಥಿ ಬೊರೊವ್ಸ್ಕಿ ಮುಂದೆ ನೆನಪಿಸಿಕೊಂಡಿದ್ದಾನೆ. ಆ ಕಾಲದಲ್ಲಿ ಪಾಠ ನಡೆಯುತ್ತಿದ್ದದ್ದು ಮನೆಗಳಲ್ಲೇ. ಪ್ರೊಫೆಸರ್ ಕೀಪ್ಕೆ ಎಂಬವರ ಮನೆಯಲ್ಲಿ ಕಾಂಟ್ ಬಾಡಿಗೆಗಿದ್ದ. ಅಲ್ಲಿಯ ಹಜಾರ ತುಂಬಿ, ಮೆಟ್ಟಿಲು ತುಂಬಿ, ಹೊರಗಿನ ಅಂಗಳದವರೆಗೂ ಹುಡುಗರು ನಿಂತಿದ್ದರಂತೆ. ಅಷ್ಟು ಜನರನ್ನು ಕಂಡು ಹೊಸ ಮೇಷ್ಟ್ರಿಗೆ ಕೈಕಾಲು ಆಡಲಿಲ್ಲ. ದನಿ ಎಂದಿಗಿಂತಲೂ ಸಣ್ಣದಾಯಿತು, ಹೇಳಿದ್ದನ್ನೇ ಮತ್ತೆ ಮತ್ತೆ ತಿದ್ದಿಕೊಂಡ. ಮಾರನೇ ಪಾಠದ ಹೊತ್ತಿಗೆ ಸುಧಾರಿಸಿಕೊಂಡ ಅನ್ನಿ. ನಾನೂ ಒಂದೆರಡು ಸಲ ವೇದಿಕೆ ಹತ್ತಿ ಬೆವತವನಾದ್ದರಿಂದ ಕಾಂಟ್ ಮೇಲೆ ನನಗೆ ಮೊದಲ ಬಾರಿ ಪ್ರೀತಿ ಹುಟ್ಟಿದ್ದು ಇಲ್ಲಿ :-)

ಅದೇ ವರ್ಷ ನವೆಂಬರ್ 1ರಂದು ಪೋರ್ಚುಗಲ್ಲಿನ ಲಿಸ್ಬನ್ ಪಟ್ಟಣ ಭೂಕಂಪದಿಂದ ನೆಲಸಮವಾಯಿತು. ಸಂತರ ಹಬ್ಬದ ದಿನ, ಜನ ಚರ್ಚುಗಳಲ್ಲಿ ಸೇರಿದ್ದಾಗ. ಯುರೋಪಿನಲ್ಲೆಲ್ಲ ಇದು ದೇವರ ಸಿಟ್ಟೋ ಅಲ್ಲವೋ ಅನ್ನುವ ಚರ್ಚೆ. ಕಾಂಟ್ 1756ರ ಮೊದಲ ತಿಂಗಳುಗಳಲ್ಲಿ ಭೂಕಂಪದ ಬಗ್ಗೆ ಮೂರು ಲೇಖನ ಬರೆದ. ನೆಲದಡಿಯ ಗುಹೆಗಳು, ಅಲ್ಲಿ ಹೊತ್ತಿಕೊಳ್ಳುವ ಖನಿಜಗಳು ಅಂತೆಲ್ಲ ಅವನು ಕೊಟ್ಟ ಕಾರಣ ಇವತ್ತಿನ ವಿಜ್ಞಾನದ ಪ್ರಕಾರ ತಪ್ಪು. ಆದರೆ ಮಾತಿನ ದಿಕ್ಕು ಗಮನಿಸಿ. ಇದು ಶಿಕ್ಷೆಯಲ್ಲ, ನೆಲದ ಸ್ವಭಾವ. ನೆಲ ನಮ್ಮ ಅನುಕೂಲಕ್ಕೆ ತಕ್ಕಂತೆ ನಡೆಯಬೇಕು ಅನ್ನುವುದು ಬಿಟ್ಟು ನಾವು ನೆಲಕ್ಕೆ ತಕ್ಕಂತೆ ಮನೆ ಕಟ್ಟುವುದನ್ನು ಕಲಿಯಬೇಕು. ಇದು ಅವನ ಒಟ್ಟು ಅಭಿಪ್ರಾಯ. ಆ ಬೇಸಿಗೆಯಲ್ಲೇ ಭೂಗೋಳದ ಕೋರ್ಸ್ ಶುರುವಾಯಿತು.

ಈಗ ಮಾನ್ಸೂನಿಗೆ ಬರೋಣ. ಆಗ ಮೇಷ್ಟ್ರುಗಳು ತಮ್ಮ ಮುಂದಿನ ಅವಧಿಯ ಪಾಠಕ್ಕೆ ಹುಡುಗರನ್ನು ಕರೆಯಲು ಒಂದು ಸಣ್ಣ ಪುಸ್ತಿಕೆ ಅಚ್ಚು ಹಾಕಿಸುತ್ತಿದ್ದರು. ಜಾಹೀರಾತೇ, ಆದರೆ ಒಳಗೆ ಒಂದು ಪ್ರಬಂಧವೂ ಇರುತ್ತಿತ್ತು. 1756ರ ಏಪ್ರಿಲಿನಲ್ಲಿ ಕಾಂಟ್ ಹಾಕಿಸಿದ್ದು ಗಾಳಿಗಳ ಬಗ್ಗೆ. ವಾದ ಹೀಗಿದೆ: ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಸಮಭಾಜಕದ ಹತ್ತಿರ ನೆಲ ವೇಗವಾಗಿ ಓಡುತ್ತದೆ, ಧ್ರುವದ ಕಡೆ ಹೋದಂತೆ ನಿಧಾನ. ಧ್ರುವದ ಕಡೆಯಿಂದ ಸಮಭಾಜಕಕ್ಕೆ ಹೊರಟ ಗಾಳಿ ತನ್ನ ಹಳೇ ನಿಧಾನವನ್ನೇ ಹೊತ್ತು ತರುವುದರಿಂದ ಹಿಂದೆ ಬೀಳುತ್ತದೆ, ಅಂದರೆ ಪೂರ್ವದಿಂದ ಬೀಸಿದ ಹಾಗೆ ಕಾಣುತ್ತದೆ. ಸಮಭಾಜಕದಿಂದ ಉತ್ತರಕ್ಕೆ ಹೊರಟ ಗಾಳಿಯದ್ದು ಇದಕ್ಕೆ ತಿರುಗು ಮುರುಗು. ಅದು ನೆಲಕ್ಕಿಂತ ಮುಂದೆ ಓಡುತ್ತದೆ, ಪೂರ್ವದ ಕಡೆಗೆ ವಾಲುತ್ತದೆ. ಬೇಸಿಗೆಯಲ್ಲಿ ಏಷ್ಯಾದ ನೆಲ ಕಾದು ಅಲ್ಲಿಯ ಗಾಳಿ ಮೇಲೇರಿದಾಗ ಸಮುದ್ರದಿಂದ ಉತ್ತರಕ್ಕೆ ನುಗ್ಗುವ ಗಾಳಿ ಈ ವಾಲುವಿಕೆಯಿಂದಾಗಿ ನೈಋತ್ಯದಿಂದ ಬರುತ್ತದೆ. ಅರಬ್ಬೀ ಸಮುದ್ರ, ಹಿಂದೂ ಮಹಾಸಾಗರಗಳಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ ಬೀಸುವುದಕ್ಕೆ ಇದೇ ಕಾರಣ ಅಂತ ಅವನು ಬರೆದ.

ಇಂಗ್ಲೆಂಡಿನ ಜಾರ್ಜ್ ಹ್ಯಾಡ್ಲಿ 1735ರಲ್ಲೇ ವಾಣಿಜ್ಯ ಮಾರುತಗಳ ಬಗ್ಗೆ ಇದನ್ನೇ ಹೇಳಿದ್ದ. ಕಾಂಟನಿಗೆ ಅದು ಗೊತ್ತಿದ್ದ ಹಾಗೆ ಕಾಣುವುದಿಲ್ಲ, ಸ್ವತಂತ್ರವಾಗಿಯೇ ಅಲ್ಲಿಗೆ ತಲುಪಿದ. ಗಣಿತ ಇಬ್ಬರದ್ದೂ ಅರೆಬರೆ, ಅದನ್ನು ಸರಿ ಮಾಡಲು ಹತ್ತೊಂಬತ್ತನೇ ಶತಮಾನ ಬರಬೇಕಾಯಿತು. ಆದರೂ ನೋಡಿ, ಬಾಲ್ಟಿಕ್ ಸಮುದ್ರದ ಮೂಲೆಯ ಒಂದು ಚಳಿಯ ಊರಿನಲ್ಲಿ ಕೂತ ಮೂವತ್ತೆರಡು ವರ್ಷದ, ಸಂಬಳವಿಲ್ಲದ ಮೇಷ್ಟ್ರೊಬ್ಬ ಹಡಗಿನವರ ದಿನಚರಿಗಳನ್ನು ಓದಿಕೊಂಡು ನಮ್ಮ ಆಗುಂಬೆಯ ಮಳೆ ಯಾವ ದಿಕ್ಕಿನಿಂದ ಯಾಕೆ ಬರುತ್ತದೆ ಅಂತ ಲೆಕ್ಕ ಹಾಕಿದ. ನನ್ನ ಎಂಟನೇ ಕ್ಲಾಸಿನ ಪ್ರಶ್ನೆಗೆ ಉತ್ತರ ಅದು.

ಕೋನಿಗ್ಸ್‌ಬರ್ಗ್ ಊರಿನ ಬಗ್ಗೆಯೂ ಎರಡು ಮಾತು. ಗಣಿತ ಓದಿದವರಿಗೆ ಇದು ಏಳು ಸೇತುವೆಗಳ ಊರು, ಆಯ್ಲರ್ 1736ರಲ್ಲಿ ಬಿಡಿಸಿದ ಒಗಟಿನದ್ದು. ಆ ಸೇತುವೆಗಳೆಲ್ಲ ಪ್ರೆಗೆಲ್ ನದಿಯವು. ನದಿಯ ಮೂಲಕ ಸಮುದ್ರಕ್ಕೆ ದಾರಿ, ಹಡಗುಗಳು ಬಂದು ಹೋಗುವ ಬಂದರು. ಇಂಗ್ಲಿಷ್, ಡಚ್, ಪೋಲಿಷ್, ರಷ್ಯನ್, ಯಹೂದಿ ವ್ಯಾಪಾರಿಗಳು ಓಡಾಡುವ ಪೇಟೆ. ಕಾಂಟನ ಅತ್ಯಂತ ಹತ್ತಿರದ ಗೆಳೆಯ ಜೋಸೆಫ್ ಗ್ರೀನ್ ಕೂಡ ಇಂಗ್ಲಿಷ್ ವ್ಯಾಪಾರಿಯೇ. (ಗಡಿಯಾರದ ಹಾಗೆ ಬದುಕುತ್ತಿದ್ದವನು ಮೊದಲು ಈ ಗ್ರೀನ್, ಕಾಂಟ್ ಅವನಿಂದ ಕಲಿತದ್ದು ಅನ್ನುತ್ತಾರೆ.) ಇಂಥ ಊರಿನಲ್ಲಿದ್ದರೆ ತಿರುಗಾಡದೆಯೂ ಲೋಕದ ಮತ್ತು ಮನುಷ್ಯರ ತಿಳಿವಳಿಕೆ ಪಡೆಯಬಹುದು ಅಂತ ಕಾಂಟ್ ತನ್ನ ಮುಪ್ಪಿನ ಪುಸ್ತಕವೊಂದರ ಅಡಿಟಿಪ್ಪಣಿಯಲ್ಲಿ ಬರೆದುಕೊಂಡಿದ್ದಾನೆ. ಸಮರ್ಥನೆಯೂ ಇರಬಹುದು, ಹೆಮ್ಮೆಯೂ ಇರಬಹುದು.

1758ರಲ್ಲಿ ರಷ್ಯನ್ ಸೈನ್ಯ ಊರನ್ನು ವಶಪಡಿಸಿಕೊಂಡಿತು, 1762ರವರೆಗೆ ಅವರದ್ದೇ ಆಳ್ವಿಕೆ. ಪಾಠ ನಿಲ್ಲಲಿಲ್ಲ. ರಷ್ಯನ್ ಅಧಿಕಾರಿಗಳೇ ಬಂದು ಕೂತರು. ಕೋಟೆ ಕಟ್ಟುವ ವಿದ್ಯೆಯ ಜೊತೆ ಭೂಗೋಳವನ್ನೂ ಅವರಿಗೆ ಹೇಳಿಕೊಟ್ಟ. ಆಗ ಖಾಲಿಯಾದ ಒಂದು ಪ್ರೊಫೆಸರ್ ಹುದ್ದೆಗೆ ರಷ್ಯದ ಮಹಾರಾಣಿ ಎಲಿಜಬೆತ್‌ಗೇ ಅರ್ಜಿ ಹಾಕಿದ, ಸಿಗಲಿಲ್ಲ. 1764ರಲ್ಲಿ ಕಾವ್ಯದ ಪ್ರೊಫೆಸರ್ ಆಗ್ತೀಯಾ ಅಂತ ಕೇಳಿದರು, ಇವನೇ ಒಲ್ಲೆ ಅಂದ. 1766ರಲ್ಲಿ ಅರಮನೆಯ ಗ್ರಂಥಾಲಯದಲ್ಲಿ ವರ್ಷಕ್ಕೆ 62 ಥಾಲರ್ ಸಂಬಳದ ಉಪಗ್ರಂಥಪಾಲಕನ ಕೆಲಸ ಸಿಕ್ಕಿತು. ಅದೇ ಅವನ ಮೊದಲ ಸಂಬಳ, ವಯಸ್ಸು ನಲವತ್ತೆರಡು ಆಗಿತ್ತು! ಪ್ರೊಫೆಸರ್ ಆಗಿದ್ದು 1770ರಲ್ಲಿ.

ಪಾಠ ಹೇಗೆ ಮಾಡುತ್ತಿದ್ದ? ನನಗೆ ಹೆಚ್ಚು ಕುತೂಹಲ ಇದ್ದದ್ದು ಇದರಲ್ಲೇ. ಪ್ರಷ್ಯಾದಲ್ಲಿ ಪ್ರತಿ ಮೇಷ್ಟ್ರೂ ಒಂದು ಅಚ್ಚಾದ ಪಠ್ಯಪುಸ್ತಕವನ್ನು ಇಟ್ಟುಕೊಂಡೇ ಪಾಠ ಮಾಡಬೇಕು ಅನ್ನುವ ನಿಯಮವಿತ್ತು. ಭೂಗೋಳಕ್ಕೆ ಅಂಥ ಪುಸ್ತಕವೇ ಇರಲಿಲ್ಲ. ಕಾಂಟ್ 1757ರ ಪ್ರಕಟಣೆಯಲ್ಲಿ ತಾನು ಏನೇನು ಜಾಲಾಡಿದೆ ಅಂತ ಹೇಳುತ್ತಾನೆ. ವರೇನಿಯಸ್‌ನ 1650ರ ಲ್ಯಾಟಿನ್ ಗ್ರಂಥ, ಫ್ರಾನ್ಸಿನ ಬ್ಯೂಫೋನ್, ಡಚ್ಚರ ಲುಲೋಫ್ಸ್, ಆಮೇಲೆ ಪ್ರವಾಸ ಕಥನಗಳ ದೊಡ್ಡ ದೊಡ್ಡ ಸಂಕಲನಗಳು, ವಿದ್ವತ್ ಸಂಸ್ಥೆಗಳ ಪತ್ರಿಕೆಗಳು. ಇವನ್ನೆಲ್ಲ ಓದಿ ತಾನೇ ಒಂದು ಹಸ್ತಪ್ರತಿ ಸಿದ್ಧ ಮಾಡಿಕೊಂಡ. ಮೊದಲು ಸಮುದ್ರ, ನೆಲ, ಬೆಟ್ಟ, ನದಿ, ಗಾಳಿ. ಆಮೇಲೆ ಮನುಷ್ಯರು, ಪ್ರಾಣಿಗಳು, ಗಿಡಗಳು, ಖನಿಜಗಳು. ಕೊನೆಗೆ ದೇಶ ದೇಶಗಳ ಸುತ್ತಾಟ, ಏಷ್ಯಾದಿಂದ ಅಮೆರಿಕದವರೆಗೆ.

ಯಾಕೆ ಇಷ್ಟು ಕಷ್ಟಪಟ್ಟ ಅನ್ನುವುದಕ್ಕೆ ಉತ್ತರ 1765ರ ಇನ್ನೊಂದು ಪ್ರಕಟಣೆಯಲ್ಲಿದೆ. ಪಾಠ ಮಾಡುವವರೆಲ್ಲ ಅದನ್ನೊಮ್ಮೆ ಓದಬೇಕು. ಹುಡುಗರು ಶಾಲೆ ಬಿಟ್ಟು ಬರುವಾಗಲೇ ವಾದ ಮಾಡುವುದನ್ನು ಕಲಿತಿರುತ್ತಾರೆ, ಆದರೆ ವಾದಕ್ಕೆ ಬೇಕಾದ ಅನುಭವ ಅವರ ಹತ್ತಿರ ಇರುವುದಿಲ್ಲ ಅನ್ನುವುದು ಅವನ ದೂರು. ಹದಿನಾರು ಹದಿನೇಳರ ಹುಡುಗನಿಗೆ ಅನುಭವ ಎಲ್ಲಿಂದ ಬರಬೇಕು? ಅದಕ್ಕೆ ಬದಲಿಯಾಗಿ ಭೂಗೋಳ. ಲೋಕ ಹೇಗಿದೆ, ಬೇರೆ ಕಡೆ ಜನ ಹೇಗೆ ಬದುಕುತ್ತಾರೆ ಅಂತ ಮೊದಲು ತಿಳಿಯಲಿ, ತರ್ಕ ಆಮೇಲೆ. ಅಲ್ಲೇ ಇನ್ನೊಂದು ಮಾತೂ ಹೇಳುತ್ತಾನೆ. ವಿದ್ಯಾರ್ಥಿ ಕಲಿಯಬೇಕಾದ್ದು ಸಿದ್ಧ ವಿಚಾರಗಳನ್ನಲ್ಲ, ವಿಚಾರ ಮಾಡುವುದನ್ನು. ಅವನನ್ನು ಎತ್ತಿಕೊಂಡು ಹೋಗಬಾರದು, ನಡೆಯುವ ದಾರಿ ತೋರಿಸಬೇಕು, ಯಾಕೆಂದರೆ ನಾಳೆ ಅವನು ಒಬ್ಬನೇ ನಡೆಯಬೇಕು. ತತ್ವಶಾಸ್ತ್ರ ಕಲಿಸುವ ವಿಧಾನಕ್ಕೆ ಅವನು ಬಳಸಿದ ಗ್ರೀಕ್ ಪದದ ಅರ್ಥ "ಹುಡುಕುವುದು".

ಬಿಡಿ ಬಿಡಿ ಸಂಗತಿಗಳನ್ನು ತಲೆಗೆ ತುಂಬುವುದರ ಬಗ್ಗೆಯೂ ಅವನಿಗೆ ಅಸಮಾಧಾನ. ಮನೆ ಕಟ್ಟುವವನು ಮೊದಲು ಇಡೀ ಮನೆಯ ಕಲ್ಪನೆ ಮಾಡಿಕೊಳ್ಳುತ್ತಾನಲ್ಲ, ಹಾಗೆ ಲೋಕದ ಒಟ್ಟು ಕಲ್ಪನೆ ಮೊದಲು ಬೇಕು, ಆಗ ಪ್ರತಿಯೊಂದು ಸಂಗತಿಗೂ ಇಡಲು ಒಂದು ಜಾಗ ಇರುತ್ತದೆ ಅನ್ನುತ್ತಿದ್ದ. ಪೇಪರ್ ಓದಿದರೂ ಬಹಳ ಜನಕ್ಕೆ ಸುದ್ದಿ ತಾಗುವುದಿಲ್ಲ, ಯಾಕೆಂದರೆ ಅದು ನಡೆದ ಜಾಗ ಅವರ ತಲೆಯಲ್ಲಿ ಇಲ್ಲ ಅಂತಲೂ ಹೇಳಿದ್ದಾನೆ. ಇದು ಮಾತ್ರ ನನ್ನನ್ನು ನೋಡಿಯೇ ಹೇಳಿದ ಹಾಗಿದೆ. ಟಿವಿಯಲ್ಲಿ ಯಾವುದೋ ದೇಶದ ಯುದ್ಧದ ಸುದ್ದಿ ಬಂದಾಗ ನಕ್ಷೆ ತೆಗೆದು ನೋಡಿದ್ದು ಎಷ್ಟು ಸಲ ಅಂತ ಲೆಕ್ಕ ಹಾಕಿದರೆ ಒಂದು ಕೈಬೆರಳೂ ಮುಗಿಯುವುದಿಲ್ಲ.

ತಾನು ಪಾಠ ಮಾಡುವುದು ಜಾಣರಿಗೂ ಅಲ್ಲ, ದಡ್ಡರಿಗೂ ಅಲ್ಲ, ನಡುವಿನವರಿಗೆ ಅನ್ನುತ್ತಿದ್ದನಂತೆ. ಜಾಣರು ಹೇಗೂ ತಮ್ಮ ದಾರಿ ಹುಡುಕಿಕೊಳ್ಳುತ್ತಾರೆ, ದಡ್ಡರಿಗೆ ಮಾಡುವುದೇನೂ ಇಲ್ಲ. (ಎರಡನೆಯದ್ದು ಒಪ್ಪಲು ನನಗೆ ಕಷ್ಟ, ಆ ಬೆಂಚಿನಲ್ಲಿ ಕೂತವನಾದ್ದರಿಂದ!) ಎದುರಿಗೆ ಕೂತ ಒಬ್ಬನ ಮುಖ ನೋಡುತ್ತಾ ಪಾಠ ಮಾಡುವ ಅಭ್ಯಾಸ. ಒಮ್ಮೆ ಆ ಹುಡುಗನ ಕೋಟಿನಲ್ಲಿ ಒಂದು ಗುಂಡಿ ಕಿತ್ತುಹೋಗಿತ್ತು, ಇಡೀ ಗಂಟೆ ಕಣ್ಣು ಅಲ್ಲಿಗೇ ಹೋಗಿ ಪಾಠ ದಾರಿ ತಪ್ಪಿತು ಅನ್ನುವ ಕಥೆಯಿದೆ.

ವಿದ್ಯಾರ್ಥಿಗಳ ನೆನಪುಗಳಲ್ಲಿ ಸಿಗುವ ಈ ಮೇಷ್ಟ್ರು ಅವನ ಪುಸ್ತಕಗಳಲ್ಲಿ ಸಿಗುವುದಿಲ್ಲ. ಹರ್ಡರ್ 1762ರಿಂದ 64ರವರೆಗೆ ಅವನ ಪಾಠಕ್ಕೆ ಕೂತ. ಬಡ ಹುಡುಗ, ಕಾಂಟ್ ಅವನಿಂದ ಫೀಸು ತೆಗೆದುಕೊಳ್ಳಲಿಲ್ಲ. ಮುಂದೆ ಗುರು ಶಿಷ್ಯರಿಗೆ ವಿರಸವಾಯಿತು, ಹರ್ಡರನ ದೊಡ್ಡ ಗ್ರಂಥವನ್ನು ಕಾಂಟ್ 1785ರಲ್ಲಿ ಕಟುವಾಗಿ ವಿಮರ್ಶಿಸಿದ. ಅದಾದ ಮೇಲೂ, 1795ರಲ್ಲಿ, ಹರ್ಡರ್ ಆ ಹಳೇ ಮೇಷ್ಟ್ರ ಲವಲವಿಕೆ, ತಮಾಷೆ, ಯಾವುದನ್ನೂ ಹೇರದೆ ಯೋಚಿಸಲು ಹಚ್ಚುತ್ತಿದ್ದ ರೀತಿಯನ್ನು ಅಕ್ಕರೆಯಿಂದಲೇ ಬರೆದ. ಇನ್ನೊಬ್ಬ ವಿದ್ಯಾರ್ಥಿ ಯಾಖ್‌ಮನ್ ಹೇಳುವ ಘಟನೆ ಬಹಳ ಪ್ರಸಿದ್ಧ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಆಕಾರ, ಉದ್ದ, ಅಗಲ, ಎತ್ತರ ಎಲ್ಲವನ್ನೂ ಕಾಂಟ್ ಒಮ್ಮೆ ಎಷ್ಟು ಕರಾರುವಾಕ್ಕಾಗಿ ವಿವರಿಸಿದ ಅಂದರೆ ಅಲ್ಲಿದ್ದ ಇಂಗ್ಲಿಷಿನವನೊಬ್ಬ "ನೀವು ಲಂಡನ್ನಿನಲ್ಲಿ ಎಷ್ಟು ವರ್ಷ ಇದ್ದಿರಿ, ಕಟ್ಟಡದ ವಿದ್ಯೆ ಓದಿದ್ದೀರಾ?" ಅಂತ ಕೇಳಿದನಂತೆ.

ಪಾಠದ ಕೀರ್ತಿ ಬರ್ಲಿನ್ನಿಗೂ ಮುಟ್ಟಿತು. ಪ್ರಷ್ಯಾದ ಶಿಕ್ಷಣ ಮಂತ್ರಿ ತ್ಸೆಡ್ಲಿಟ್ಸ್ ಯಾರೋ ವಿದ್ಯಾರ್ಥಿ ಬರೆದುಕೊಂಡ ನೋಟ್ಸಿನ ಪ್ರತಿ ಸಂಪಾದಿಸಿ ಅದನ್ನು ಓದುತ್ತಾ, 1778ರ ಫೆಬ್ರವರಿಯಲ್ಲಿ ಕಾಂಟನಿಗೆ ಪತ್ರ ಬರೆದ. ನಾನೂ ಈಗ ನಿಮ್ಮ ಭೂಗೋಳದ ಪಾಠ ಕೇಳುತ್ತಿದ್ದೇನೆ, ಆದರೆ ಈ ಪ್ರತಿ ಸರಿಯಿಲ್ಲ, ಒಳ್ಳೆಯದು ಇದ್ದರೆ ಕಳಿಸಿ ಅಂತ ಅದರ ಸಾರ. ಮಂತ್ರಿಯೊಬ್ಬ ದೂರದ ಊರಿನ ಮೇಷ್ಟ್ರ ನೋಟ್ಸ್ ಕೇಳಿ ಪತ್ರ ಬರೆಯುವುದು! ಹಾಲೆ ವಿಶ್ವವಿದ್ಯಾಲಯಕ್ಕೆ ಬನ್ನಿ, 600 ಥಾಲರ್ ಕೊಡುತ್ತೇವೆ ಅಂದ, ಆಮೇಲೆ 800ಕ್ಕೆ ಏರಿಸಿದ. ಕಾಂಟ್ ಊರು ಬಿಡಲಿಲ್ಲ. ಅದೇ ವರ್ಷ ಪಠ್ಯಪುಸ್ತಕದ ನಿಯಮ ಬಿಗಿ ಮಾಡಿದಾಗ ತ್ಸೆಡ್ಲಿಟ್ಸ್ ಕಾಂಟನ ಭೂಗೋಳಕ್ಕೆ ಮಾತ್ರ ವಿನಾಯಿತಿ ಕೊಟ್ಟ, ಯೋಗ್ಯವಾದ ಪುಸ್ತಕ ಇಲ್ಲವೆಂಬ ಕಾರಣಕ್ಕೆ. 1781ರಲ್ಲಿ ಬಂದ ಆ ಮಹಾಗ್ರಂಥ, ಶುದ್ಧ ಬುದ್ಧಿಯ ವಿಮರ್ಶೆ, ಅರ್ಪಣೆಯಾಗಿರುವುದು ಈ ಮಂತ್ರಿಗೇ.

ನೋಟ್ಸ್ ಬಗ್ಗೆ ಕಾಂಟ್ ಆಗ ಗೆಳೆಯ ಮಾರ್ಕುಸ್ ಹೆರ್ಟ್ಸ್‌ಗೆ ಬರೆದ ಮಾತು ಚೆನ್ನಾಗಿದೆ. ಬುದ್ಧಿವಂತ ಹುಡುಗರು ಕೇಳುತ್ತಾ ಕೂರುತ್ತಾರೆ, ಹೆಚ್ಚು ಬರೆದುಕೊಳ್ಳುವುದಿಲ್ಲ. ಎಲ್ಲವನ್ನೂ ಬರೆದುಕೊಳ್ಳುವವನಿಗೆ ಯಾವುದು ಮುಖ್ಯ ಯಾವುದು ಅಲ್ಲ ಅಂತ ತಿಳಿಯುವುದಿಲ್ಲ. ಹಾಗಾಗಿ ಒಳ್ಳೆಯ ನೋಟ್ಸ್ ಸಿಗುವುದೇ ಕಷ್ಟ ಅಂತ.

ಇಲ್ಲಿಗೇ ನಿಲ್ಲಿಸಿದ್ದರೆ ಇದೊಂದು ಚಂದದ ಗುರುವಂದನೆ ಆಗುತ್ತಿತ್ತು. ಶಿಕ್ಷಕರ ದಿನಾಚರಣೆಗೆ ಭಾಷಣವೂ ಆಗುತ್ತಿತ್ತು. ಆದರೆ ಇನ್ನೊಂದು ಮುಖ ಇದೆ, ಅದನ್ನು ಬಿಟ್ಟು ಬರೆದರೆ ನಾನು ಸುಳ್ಳು ಬರೆದ ಹಾಗೆ.

1775ರ ಬೇಸಿಗೆಯ ಭೂಗೋಳದ ಕೋರ್ಸಿಗೆ ಕಾಂಟ್ ಹಾಕಿಸಿದ ಪ್ರಕಟಣೆ ಮನುಷ್ಯರ ಬೇರೆ ಬೇರೆ ಜನಾಂಗಗಳ ಬಗ್ಗೆ. 1777ರಲ್ಲಿ ಅದನ್ನು ಹಿಗ್ಗಿಸಿದ. ಮನುಷ್ಯರಲ್ಲಿ ನಾಲ್ಕು ಜನಾಂಗ ಅಂತ ಅವನ ವಿಂಗಡಣೆ, ನಾಲ್ಕನೆಯದ್ದಕ್ಕೆ ಹಿಂದೂಸ್ತಾನಿ ಅಂತ ಹೆಸರು. ಅಂದರೆ ನಾವು. ಎಲ್ಲರೂ ಒಂದೇ ಮೂಲದವರು, ಬೇರೆ ಬೇರೆ ಹವೆಗೆ ತಕ್ಕಂತೆ ಬದಲಾದವರು ಅನ್ನುವುದು ಅವನ ವಾದ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಭೂಗೋಳದ ಪಾಠಗಳ ಮುದ್ರಿತ ರೂಪದಲ್ಲಿ ಬಿಳಿಯರೇ ಮನುಷ್ಯಕುಲದ ಪೂರ್ಣ ರೂಪ, ಭಾರತೀಯರಿಗೆ ಅವರಿಗಿಂತ ಕಡಿಮೆ ಪ್ರತಿಭೆ, ಆಫ್ರಿಕದವರಿಗೆ ಇನ್ನೂ ಕಡಿಮೆ, ಅಮೆರಿಕದ ಮೂಲನಿವಾಸಿಗಳ ಒಂದು ಭಾಗಕ್ಕೆ ಎಲ್ಲರಿಗಿಂತ ಕಡಿಮೆ ಅಂತ ಒಂದು ಏಣಿಯನ್ನೇ ಹಾಕಿಟ್ಟಿದೆ. ಉಷ್ಣ ದೇಶಗಳ ಜನ ಸೋಮಾರಿಗಳು ಅನ್ನುವ ಮಾತೂ ಇದೆ. ಓದುತ್ತಿದ್ದಾಗ ನನಗೆ ಮೈ ಉರಿಯಿತು. ಸ್ವಂತ ಬುದ್ಧಿಯಿಂದ ಯೋಚಿಸುವ ಧೈರ್ಯ ಮಾಡಿ ಅಂತ 1784ರಲ್ಲಿ ಜಗತ್ತಿಗೆ ಹೇಳಿದವನೂ ಇವನೇ ತಾನೆ?

ಇದು ಎಲ್ಲಿಂದ ಬಂತು? ಮಾನ್ಸೂನಿನ ವಿವರಣೆ ಎಲ್ಲಿಂದ ಬಂತೋ ಅಲ್ಲಿಂದಲೇ. ಅವೇ ಪ್ರವಾಸ ಕಥನಗಳು, ಅವೇ ಹಡಗಿನವರ ಮಾತುಗಳು. ಗಾಳಿಯ ವಿಷಯದಲ್ಲಿ ನಾವಿಕರು ಸುಳ್ಳು ಬರೆದರೆ ಅವರ ಹಡಗೇ ಮುಳುಗುತ್ತದೆ. ಮನುಷ್ಯರ ವಿಷಯದಲ್ಲಿ ಸುಳ್ಳು ಬರೆದರೆ ಬರೆದವರಿಗೆ ಏನೂ ಆಗುವುದಿಲ್ಲ, ಗುಲಾಮರ ವ್ಯಾಪಾರಿಗೆ ಲಾಭವೇ. ಗಾಳಿಯ ಸಂಗತಿಗಳನ್ನು ಒಂದಕ್ಕೊಂದು ತಾಳೆ ನೋಡಿದ ಹಾಗೆ ಮನುಷ್ಯರ ಬಗೆಗಿನ ಮಾತುಗಳನ್ನು ಕಾಂಟ್ ತಾಳೆ ನೋಡಲಿಲ್ಲ. ಇದು ನನ್ನ ಊಹೆ, ತಜ್ಞರು ಒಪ್ಪದೆ ಇರಬಹುದು.

ಅವನ ಕಾಲದವರು ಯಾರೂ ಪ್ರಶ್ನಿಸಲಿಲ್ಲ ಅಂತಲ್ಲ. ಗೆಯೋರ್ಗ್ ಫೋರ್ಸ್ಟರ್ ಅಂತ ಒಬ್ಬ ಇದ್ದ. ಹದಿನೇಳು ವರ್ಷದ ಹುಡುಗನಾಗಿದ್ದಾಗ ಅಪ್ಪನ ಜೊತೆ ಕ್ಯಾಪ್ಟನ್ ಕುಕ್‌ನ ಎರಡನೇ ಯಾನಕ್ಕೆ ಹೊರಟು, 1772ರಿಂದ 75ರವರೆಗೆ ಜಗತ್ತು ಸುತ್ತಿ ಬಂದವನು. ದಕ್ಷಿಣ ಸಮುದ್ರದ ದ್ವೀಪದ ಜನರ ಜೊತೆ ಮಾತಾಡಿದವನು. 1786ರಲ್ಲಿ ಅವನು ಒಂದು ಜರ್ಮನ್ ಪತ್ರಿಕೆಯಲ್ಲಿ ಕಾಂಟನ ಜನಾಂಗ ಸಿದ್ಧಾಂತವನ್ನು ತರಾಟೆಗೆ ತೆಗೆದುಕೊಂಡ. ಮೊದಲೇ ಒಂದು ಸಿದ್ಧಾಂತ ಇಟ್ಟುಕೊಂಡು ಅದಕ್ಕೆ ಬೇಕಾದ್ದನ್ನು ಹುಡುಕುವವನಿಗಿಂತ ಕಣ್ಣಾರೆ ಕಂಡದ್ದನ್ನು ಹೇಳುವವನೇ ಮೇಲು ಅನ್ನುವುದು ಅವನ ವಾದ. ಕಾಂಟ್ 1788ರಲ್ಲಿ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟ. ಏನು ಹುಡುಕಬೇಕು ಅಂತ ಮೊದಲೇ ಗೊತ್ತಿಲ್ಲದವನಿಗೆ ಎಷ್ಟು ಸುತ್ತಿದರೂ ಏನೂ ಸಿಗುವುದಿಲ್ಲ ಅಂತ.

ಈ ಜಗಳದಲ್ಲಿ ನಾನು ಯಾರ ಕಡೆ ಅಂತ ಬಹಳ ದಿನ ಯೋಚಿಸಿದೆ. ಕಾಂಟನ ಮಾತು ಸುಳ್ಳಲ್ಲ. ಎಷ್ಟೋ ಜನ ಕಾಶಿಗೆ ಹೋಗಿ ಬರುತ್ತಾರೆ, ಹೋಟೆಲ್ ಊಟ ಸರಿಯಿರಲಿಲ್ಲ ಅನ್ನುವುದು ಬಿಟ್ಟು ಬೇರೇನೂ ಕಂಡಿರುವುದಿಲ್ಲ. ನೋಡಬೇಕಾದರೂ ತಯಾರಿ ಬೇಕು. ಇನ್ನೊಂದು ತೊಡಕು, ಎಲ್ಲರೂ ಒಂದೇ ಮೂಲದವರು ಅಂದದ್ದು ಕಾಂಟ್, ಅದನ್ನು ಅನುಮಾನಿಸಿದ್ದು ಫೋರ್ಸ್ಟರ್. ಆದರೆ ಫೋರ್ಸ್ಟರ್ ಒಂದು ಪ್ರಶ್ನೆ ಕೇಳಿದ: ಕರಿಯರು ನಮ್ಮ ಅಣ್ಣತಮ್ಮಂದಿರು ಅನ್ನುವ ಈ ತತ್ವ ಯಾವುದಾದರೂ ಒಬ್ಬ ಗುಲಾಮರ ಒಡೆಯನ ಕೈಲಿದ್ದ ಚಾಟಿಯನ್ನು ಒಂದು ಸಲವಾದರೂ ಇಳಿಸಿದೆಯೇ? ಕಾಂಟ್ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ಬದಲಿಗೆ 1788ರ ಆ ಲೇಖನದಲ್ಲೇ ಗುಲಾಮಗಿರಿಯ ಪರ ವಾದಿಸಿದವರೊಬ್ಬರ ಬರಹದಿಂದ, ಬಿಡುಗಡೆಯಾದ ಕರಿಯರು ದುಡಿಯುವುದಿಲ್ಲ ಅನ್ನುವ ಮಾತನ್ನು ಎತ್ತಿಕೊಂಡು ಒಪ್ಪಿದ. ಇಲ್ಲಿ ನಾನು ಫೋರ್ಸ್ಟರ್ ಕಡೆ.

1795ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಕಾಂಟ್ ಶಾಶ್ವತ ಶಾಂತಿಯ ಬಗ್ಗೆ ಪುಟ್ಟ ಪುಸ್ತಕ ಬರೆದ. ಅದರಲ್ಲಿ ಯುರೋಪಿನವರು ಬೇರೆ ನೆಲಗಳಿಗೆ ಹೋಗಿ ಅಲ್ಲಿಯ ಜನರನ್ನು ಲೆಕ್ಕಕ್ಕೇ ಇಡದೆ ನೆಲ ಕಬಳಿಸಿದ್ದನ್ನು ಖಂಡಿಸುತ್ತಾನೆ. ಹಿಂದೂಸ್ತಾನದ ಹೆಸರನ್ನೇ ಹೇಳುತ್ತಾನೆ. ವ್ಯಾಪಾರದ ಕೋಠಿ ಅನ್ನುವ ನೆಪದಲ್ಲಿ ಸೈನಿಕರನ್ನು ತಂದರು, ಜನರನ್ನು ತುಳಿದರು, ರಾಜ್ಯಗಳ ನಡುವೆ ಯುದ್ಧ ಹಚ್ಚಿದರು, ಬರ ತಂದರು ಅಂತ. ಸಕ್ಕರೆ ದ್ವೀಪಗಳ ಗುಲಾಮಗಿರಿಯನ್ನು ಅತ್ಯಂತ ಕ್ರೂರವಾದದ್ದು ಅನ್ನುತ್ತಾನೆ. ಹಾಗಾದರೆ ಮನಸ್ಸು ಬದಲಾಯಿತೆ? ಪೌಲೀನ್ ಕ್ಲೈನ್‌ಗೆಲ್ಡ್ ಅನ್ನುವ ವಿದ್ವಾಂಸೆ ಬದಲಾಯಿತು ಅಂತ 2007ರಲ್ಲಿ ವಾದಿಸಿದರು, ಒಪ್ಪದವರೂ ಇದ್ದಾರೆ. ತಾನು ಹಿಂದೆ ಪಾಠ ಮಾಡಿದ್ದು ತಪ್ಪು ಅಂತ ಅವನು ಎಲ್ಲೂ ಬರೆದು ಪ್ರಕಟಿಸಲಿಲ್ಲ, ಇದು ಮಾತ್ರ ಖಚಿತ. ಅವನ ಪಾಠ ಕೇಳಿದವರು ಪಾದ್ರಿಗಳಾಗಿ, ಅಧಿಕಾರಿಗಳಾಗಿ, ಮೇಷ್ಟ್ರುಗಳಾಗಿ ಎಲ್ಲೆಲ್ಲೋ ಚದುರಿ ಹೋಗಿದ್ದರು.

1796ರ ಬೇಸಿಗೆಯಲ್ಲಿ ಪಾಠ ನಿಲ್ಲಿಸಿದ. ಆಮೇಲೆ ಶುರುವಾಯಿತು ನೋಡಿ ನೋಟ್ಸಿನ ಪ್ರತೀಕಾರ. ವಿದ್ಯಾರ್ಥಿಗಳ ಟಿಪ್ಪಣಿಗಳನ್ನು ನಕಲು ಮಾಡಿ ಮಾರುವುದು ಆ ಕಾಲಕ್ಕೆ ಒಂದು ದಂಧೆಯೇ ಆಗಿತ್ತು. ಫೋಲ್ಮರ್ ಅನ್ನುವ ಪ್ರಕಾಶಕ 1801ರಲ್ಲಿ ಅಂಥವುಗಳನ್ನು ಜೋಡಿಸಿ, ತನ್ನದೂ ಸೇರಿಸಿ, ಕಾಂಟನ ಭೂಗೋಳ ಅಂತ ಸಂಪುಟಗಳನ್ನು ಹೊರತರಲು ಶುರು ಮಾಡಿದ. ಇದು ನನ್ನದಲ್ಲ ಅಂತ ಕಾಂಟ್ ಸಾರ್ವಜನಿಕವಾಗಿ ಹೇಳಬೇಕಾಯಿತು. ತನ್ನ ಕಡೆಯಿಂದ ಅಧಿಕೃತವಾಗಿ ಪ್ರಕಟಿಸುವ ಕೆಲಸವನ್ನು ಶಿಷ್ಯ ರಿಂಕ್‌ಗೆ ವಹಿಸಿದ. ಅದು 1802ರಲ್ಲಿ ಬಂತು. ಅಷ್ಟು ಹೊತ್ತಿಗೆ ಕಾಂಟನ ನೆನಪು ಕೈಕೊಡುತ್ತಿತ್ತು, ತಿದ್ದಿ ಕೊಡುವ ಶಕ್ತಿ ಇರಲಿಲ್ಲ. ಎರಡು ವರ್ಷ ಕಳೆದು 1804ರ ಫೆಬ್ರವರಿ 12ರಂದು ತೀರಿಕೊಂಡ.

ಅಧಿಕೃತ ಪುಸ್ತಕದ ಕಥೆ ಏನಾಗಿತ್ತು ಅನ್ನುವುದನ್ನು ಎರಿಖ್ ಆಡಿಕೆಸ್ ಎಂಬ ವಿದ್ವಾಂಸ 1911ರಲ್ಲಿ ಬಿಡಿಸಿಟ್ಟ. ಮೊದಲ ಭಾಗ 1770ರ ದಶಕದ ಪಾಠದ್ದು. ಉಳಿದದ್ದು, ಮನುಷ್ಯರು, ಪ್ರಾಣಿಗಳು, ದೇಶಗಳ ವಿವರ ಎಲ್ಲ, 1760ಕ್ಕೂ ಮುಂಚೆ ಕಾಂಟ್ ಬರೆದಿಟ್ಟುಕೊಂಡ ಆ ಮೊದಲ ಹಸ್ತಪ್ರತಿಯದ್ದು. ಕುಕ್ ಇನ್ನೂ ಪೆಸಿಫಿಕ್‌ಗೆ ಹೊರಟಿರದ ಕಾಲದ ಲೋಕ 1802ರಲ್ಲಿ ಹೊಸದಾಗಿ ಅಚ್ಚಾಯಿತು. ನಲವತ್ತು ವರ್ಷ ಅವನು ಬಾಯಲ್ಲಿ ಹೇಳುತ್ತಾ, ಹೊಸ ಪುಸ್ತಕ ಓದಿದಂತೆಲ್ಲ ಬದಲಿಸುತ್ತಾ ಹೋದ ಪಾಠ ಯಾವುದೋ, ಜನರ ಕೈಗೆ ಕಾಂಟನ ಭೂಗೋಳ ಅಂತ ಸಿಕ್ಕ ಪುಸ್ತಕ ಯಾವುದೋ. ಹೋಲ್ಸ್ಟೈನ್ ಮನೆತನದ ಡ್ಯೂಕ್ ಒಬ್ಬನ ಬಳಿಯಿದ್ದ, ಕಾಂಟನ ಕೈಬರಹದ ತಿದ್ದುಪಡಿಗಳಿರುವ ಪ್ರತಿಯೊಂದು ಅವನ ಸಮಗ್ರ ಕೃತಿಗಳ ಮಾಲೆಯಲ್ಲಿ ಅಚ್ಚಾಗಿದ್ದು 2009ರಲ್ಲಿ. ಅಂದರೆ ಆ ಕ್ಲಾಸಿನಲ್ಲಿ ನಿಜಕ್ಕೂ ಏನು ಹೇಳಿದ ಅಂತ ಹುಡುಕುವ ಕೆಲಸ ಈ ಶತಮಾನದಲ್ಲೂ ಮುಗಿದಿರಲಿಲ್ಲ.

ಊರಿನ ಕಥೆಯೂ ಹಾಗೇ. ಎರಡನೇ ಮಹಾಯುದ್ಧದ ನಂತರ ಕೋನಿಗ್ಸ್‌ಬರ್ಗ್ ರಷ್ಯದ ಪಾಲಾಯಿತು, 1946ರಲ್ಲಿ ಕಲಿನಿನ್‌ಗ್ರಾದ್ ಅಂತ ಹೆಸರಾಯಿತು. 1544ರಲ್ಲಿ ಶುರುವಾಗಿದ್ದ ಅವನ ವಿಶ್ವವಿದ್ಯಾಲಯ 1945ರಲ್ಲಿ ಮುಚ್ಚಿತು. ಈಗ ಅಲ್ಲಿರುವ ರಷ್ಯನ್ ವಿಶ್ವವಿದ್ಯಾಲಯಕ್ಕೆ ಕಾಂಟನ ಹೆಸರಿದೆ. ಊರು ಬಿಡದ ಮನುಷ್ಯನ ಸಮಾಧಿ ಕದಲದೆ ಬೇರೆ ದೇಶದಲ್ಲಿದೆ.

ಕಳೆದ ಸಲ ಊರಿಗೆ ಹೋದಾಗ ಅಟ್ಟದ ಮೇಲೆ ನನ್ನ ಎಂಟನೇ ಕ್ಲಾಸಿನ ಭೂಗೋಳದ ನೋಟ್ಸ್ ಸಿಕ್ಕಿತು. ಅರ್ಧ ಗೆದ್ದಲು ತಿಂದಿದೆ. ಮಾನ್ಸೂನಿನ ಪುಟ ಉಳಿದಿದೆ, ಮಳೆಯ ಸದ್ದಿನಲ್ಲಿ ಕೇಳದೆ ಬಿಟ್ಟ ಎರಡು ಸಾಲಿನ ಜಾಗ ಖಾಲಿಯಾಗಿಯೇ ಇದೆ. ನಿಮ್ಮ ಭೂಗೋಳದ ಮೇಷ್ಟ್ರು ಹೇಗಿದ್ದರು? ಪುರುಸೊತ್ತಾದಾಗ ಬರೆಯಿರಿ.